ಹದಿನೆಂಟರ ರೋಲು

ನಮ್ಮ ಊರಿನ ಕನ್ನಡಿಗಳಲ್ಲಿ ಮುಖ ಕಾಣುವುದಿಲ್ಲ. ಹೆಗಲು ಕಾಣುತ್ತದೆ, ಮುಡಿದ ಹೂವು ಕಾಣುತ್ತದೆ, ಬೆನ್ನ ಹಿಂದಿನ ಗೋಡೆಯೂ ಅದರ ಮೇಲಿನ ಕ್ಯಾಲೆಂಡರೂ ಕಾಣುತ್ತವೆ. ಮುಖವಿರಬೇಕಾದ ಜಾಗದಲ್ಲಿ ಮಾತ್ರ ಏನೂ ಇರುವುದಿಲ್ಲ. ಕೆರೆಯ ನೀರಿನಲ್ಲೂ ಅಷ್ಟೇ, ಬೆಳಗಿದ ಚೊಂಬಿನಲ್ಲೂ ಅಷ್ಟೇ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಅಳುತ್ತಾರೆ, ಆಮೇಲೆ ಅತ್ತೆಯ ಎದುರು ಕೂತು ಕುಂಕುಮ ಇಡಿಸಿಕೊಳ್ಳುವುದನ್ನು ಕಲಿಯುತ್ತಾರೆ. ಗಂಡಸರು ಒಬ್ಬರ ಗಡ್ಡವನ್ನೊಬ್ಬರು ಹೆರೆಯುತ್ತಾರೆ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ದಿನವಾಯಿತೆಂದು ಅವರ ಗಡ್ಡ ನೋಡಿಯೇ ಹೇಳಬಹುದು.

ತನ್ನ ಮುಖ ತಾನು ನೋಡಬೇಕೆಂದರೆ ಇರುವುದು ಒಂದೇ ದಾರಿ. ಅದಕ್ಕೆ ನಮ್ಮವರು ಇಟ್ಟ ಹೆಸರು ದಡ್ಡ ಕ್ಯಾಮೆರಾ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಕಪ್ಪು ಪ್ಲಾಸ್ಟಿಕ್ ಡಬ್ಬಿ. ಮುಂದಿನ ಮುಚ್ಚಳ ಸರಿಸಬೇಕು, ಗುಂಡಿ ಒತ್ತಬೇಕು, ಹೆಬ್ಬೆರಳಿನಿಂದ ಚಕ್ರ ತಿರುಗಿಸಿ ರೋಲನ್ನು ಮುಂದಕ್ಕೆ ತಳ್ಳಬೇಕು, ಮುಗಿಯಿತು. ದೂರ ಹತ್ತಿರ ಅದಕ್ಕೆ ಗೊತ್ತಿಲ್ಲ, ಬಿಸಿಲು ಮೋಡ ಗೊತ್ತಿಲ್ಲ. ಆದರೆ ಮುಖ ಸಿಗುವುದು ಅದಕ್ಕೊಂದಕ್ಕೇ. ಮೊಬೈಲು ಬಂದಾಗ ಊರೆಲ್ಲ ಕುಣಿದಾಡಿತು. ತೆಗೆದು ನೋಡಿದರೆ ಕತ್ತಿನ ಮೇಲೆ ಬರೀ ಬೆಳಕಿನ ಕಲೆ. ಕೊರಳಿಗೆ ನೇತುಹಾಕಿಕೊಳ್ಳುವ ದೊಡ್ಡ ಕ್ಯಾಮೆರಾ ತಂದವನೊಬ್ಬ ಮೂರು ದಿನ ಛತ್ರದಲ್ಲಿ ಉಳಿದು, ಲೆನ್ಸ್ ಒರೆಸಿ ಒರೆಸಿ ಸಾಕಾಗಿ, ಬಸ್ಸು ಹತ್ತಿ ಹೋದ. ಹೀಗಾಗಿ ಬೇರೆಲ್ಲ ಕಡೆ ಗುಜರಿಗೆ ಹೋದ ಈ ಡಬ್ಬಿ ನಮ್ಮಲ್ಲಿ ಈಗಲೂ ಜನರ ಜೇಬಿನಲ್ಲಿದೆ, ಎಲೆಯಡಿಕೆ ಚೀಲದಲ್ಲಿದೆ, ಅಡಿಗೆಮನೆಯಲ್ಲಿ ಜೀರಿಗೆ ಡಬ್ಬಿಯ ಪಕ್ಕದಲ್ಲಿದೆ. ಇಡೀ ದಿನ ಮೊಬೈಲಿನಲ್ಲಿ ಮುಳುಗಿರುವ ಕಾಲೇಜು ಹುಡುಗಿಯರೂ ನನಗೆ ರೋಲು ಕೊಟ್ಟು, ಒಂದು ವಾರ ಕಾದು, ಕವರನ್ನು ಎದೆಗವುಚಿಕೊಂಡು ಹೋಗುತ್ತಾರೆ. ಕಾಯುವುದರಲ್ಲಿ ಅವರಿಗೇನೋ ಸುಖ ಇರಬೇಕು. ನನಗೆ ಅದರಿಂದ ಸೊಂಟನೋವು ಬಂದಿದೆ.

ಈ ಊರಿನ ರೋಲುಗಳನ್ನೆಲ್ಲ ತೊಳೆಯುವವನು ನಾನೇ. ಜಿನದತ್ತ ಅಂತ ಹೆಸರು, ವಯಸ್ಸು ಅರವತ್ತೊಂದು. ನನಗಿಂತ ಮುಂಚೆ ನಮ್ಮಪ್ಪ ಪದ್ಮಯ್ಯನವರು ತೊಳೆಯುತ್ತಿದ್ದರು. ಕತ್ತಲೆಕೋಣೆಯೊಳಗೆ ನನ್ನನ್ನು ಮೊದಲ ಸಲ ಬಿಟ್ಟಾಗ ಅವರು ಕಲಿಸಿದ್ದು ಔಷಧಿ ಬೆರೆಸುವುದನ್ನಲ್ಲ, ಮರ್ಯಾದೆಯನ್ನು. ತೊಳೆಯುವವನು ಮುಖ ನೋಡಬಾರದು. ತನ್ನ ಮುಖವನ್ನು ಮೊದಲು ನೋಡುವ ಹಕ್ಕು ಅವರವರದು. ಆದ್ದರಿಂದ ಕಾಗದವನ್ನು ಬೋರಲು ಹಾಕಿಯೇ ತಟ್ಟೆಯ ಔಷಧಿಯಲ್ಲಿ ಅದ್ದಬೇಕು. ಚಿತ್ರಕ್ಕೆ ಕೂರುವವರೆಲ್ಲ ಹೆಗಲಿಗೆ ಒಂದೇ ಥರದ ಬಿಳಿ ಶಲ್ಯ ಹೊದ್ದಿರುತ್ತಾರೆ. ಆ ಶಲ್ಯ ಬರುವ ತುದಿಯನ್ನಷ್ಟೇ ಎತ್ತಿ, ಬಿಳುಪು ನೋಡಿ, ಹದ ಬಂತೋ ಇಲ್ಲವೋ ತಿಳಿದುಕೊಳ್ಳಬೇಕು. ಒಣಗಿದ ಮೇಲೆ ಬೋರಲಾಗಿಯೇ ಕವರಿಗೆ ಹಾಕಬೇಕು. ಒಬ್ಬರ ಚಿತ್ರ ಇನ್ನೊಬ್ಬರ ಹತ್ತಿರ ಇರಬಾರದು, ಗಂಡಹೆಂಡಿರಾದರೂ ಸರಿ. ನೆಗೆಟಿವ್‌ಗಳನ್ನು ವರ್ಷಕ್ಕೊಮ್ಮೆ ಸುಡಬೇಕು. ಮನುಷ್ಯ ಸತ್ತಾಗ ಅವನ ಚಿತ್ರವನ್ನು ಅವನ ಕೈಯಲ್ಲೇ ಇಟ್ಟು ಕಳಿಸಬೇಕು. ಇವಿಷ್ಟನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ ಅಂತ ತಿಳಿದುಕೊಂಡಿದ್ದೆ.

ಮಕ್ಕಳ ಚಿತ್ರ ನಮ್ಮಲ್ಲಿ ತೆಗೆಯುವುದಿಲ್ಲ. ಹದಿನೆಂಟು ತುಂಬಿದ ವರ್ಷ ಆ ವಯಸ್ಸಿನ ಹುಡುಗಿಯರನ್ನೆಲ್ಲ ಒಂದು ದಿನ, ಹುಡುಗರನ್ನೆಲ್ಲ ಇನ್ನೊಂದು ದಿನ ಸಾಲಾಗಿ ಕೂರಿಸಿ, ಒಬ್ಬರಿಗೊಂದರಂತೆ ಗುಂಡಿ ಒತ್ತುತ್ತೇವೆ. ಅದು ಹದಿನೆಂಟರ ರೋಲು. ಆ ರೋಲಿನಲ್ಲಿ ಮುಖ ಬಾರದವರನ್ನು ಊರು ಬೇರೆ ಥರ ನೋಡುತ್ತದೆ. ಅಂಥ ಹುಡುಗಿಯನ್ನು ಯಾರೂ ತಂದುಕೊಳ್ಳುವುದಿಲ್ಲ. ಮದುವೆ ಮಾತಿನ ದಿನ ಕವರನ್ನು ತಾಂಬೂಲದ ತಟ್ಟೆಯಲ್ಲಿಡುತ್ತಾರೆ. ಬೀಗರು ಬಿಚ್ಚಿ ನೋಡುವುದಿಲ್ಲ, ಒಳಗೆ ಕಾಗದ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಸಾಕು, ಅಡಿಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಇಷ್ಟ ಇದ್ದವರು ಇಷ್ಟ ಬಂದಾಗ ತೆಗೆಸಿಕೊಳ್ಳಬಹುದು.

ನನ್ನ ಹೆಂಡತಿ ಮರುದೇವಿ ಮಾತ್ರ ತೆಗೆಸಿಕೊಳ್ಳಲಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಎಷ್ಟು ಸಲ ಕೇಳಿದ್ದೇನೋ. ಮನೆಯಲ್ಲಿ ರೋಲಿಗೇನು ಬರವೇ, ಒಂದು ನಿಮಿಷ ಕೂತುಕೋ ಮಾರಾಯಿತಿ ಅಂದರೆ, "ನನ್ನ ಮುಖ ನೀವು ನೋಡ್ತೀರಲ್ಲ, ಸಾಕು ಬಿಡಿ," ಅನ್ನುತ್ತಿದ್ದಳು. ಊರಿನ ಹೆಂಗಸರೆಲ್ಲ ನನ್ನ ಕೈಯಿಂದ ಕವರು ಇಸಿದುಕೊಂಡು ಹೋಗುವಾಗ ಸ್ವಂತ ಹೆಂಡತಿಗೆ ಬೇಡವಾಯಿತಲ್ಲ ಅಂತ ನನಗೆ ಒಳಗೊಳಗೇ ಬೇಜಾರಿತ್ತು. ಮೂರು ವರ್ಷದ ಹಿಂದೆ ಅವಳು ತೀರಿಕೊಂಡಳು. ಹದಿನೆಂಟರ ಕವರಿಗಾಗಿ ಟ್ರಂಕು ಜಾಲಾಡಿದೆ, ಸೀರೆಗಳ ಮಡಿಕೆ ಬಿಚ್ಚಿದೆ, ಕಡೆಗೆ ಅಕ್ಕಿ ಡಬ್ಬದ ಕೆಳಗೆ ಸಿಕ್ಕಿತು. ಒಳಗೆ ಚಿತ್ರವಿರಲಿಲ್ಲ. ಅಳತೆಗೆ ಸರಿಯಾಗಿ ಕತ್ತರಿಸಿದ ಕ್ಯಾಲೆಂಡರಿನ ರಟ್ಟಿತ್ತು. ಊರಿನವರ ಮುಖವನ್ನೆಲ್ಲ ತೊಳೆದುಕೊಟ್ಟವನ ಹೆಂಡತಿ ಬರಿಗೈಯಲ್ಲಿ ಹೋದಳು. ಜನ ಎದುರಿಗೆ ಏನೂ ಅನ್ನಲಿಲ್ಲ, ಹಿಂದೆ ಅಂದರು.

ಆಮೇಲಿನಿಂದ ನನಗೆ ಈ ಕೆಲಸದಲ್ಲಿ ಮನಸ್ಸಿಲ್ಲ. ಬೆರಳ ತುದಿಗಳು ಔಷಧಿಯಲ್ಲಿ ಕಂದಿ ಉಗುರು ಯಾವುದು ಚರ್ಮ ಯಾವುದು ಗೊತ್ತಾಗುವುದಿಲ್ಲ. ಸಿಗುವ ರೋಲುಗಳೂ ಅವಧಿ ಮುಗಿದವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮರುದೇವಿಯ ಮುಖ ನನಗೆ ಸರಿಯಾಗಿ ನೆನಪಾಗುವುದು ನಿಂತುಹೋಯಿತು. ಹಣೆ ನೆನಪಾದರೆ ಗಲ್ಲ ಸಿಗುವುದಿಲ್ಲ, ಗಲ್ಲ ಹಿಡಿದುಕೊಳ್ಳುವಷ್ಟರಲ್ಲಿ ಕಣ್ಣು ತಪ್ಪಿಹೋಗುತ್ತದೆ. ಈ ತಿಂಗಳ ಕೊನೆಗೆ ಬೀಗ ಹಾಕುತ್ತೇನೆಂದು ಬಾಗಿಲಿಗೆ ಚೀಟಿ ಅಂಟಿಸಿದೆ.

ಚೀಟಿ ಅಂಟಿಸಿದ ಎರಡನೆಯ ದಿನ, ಗುರುವಾರ ಮಧ್ಯಾಹ್ನ, ಹೊಂಬಾಳಮ್ಮ ಬಂದರು. ಹಾಸಿಗೆ ದಿಂಬು ಹೊಲಿಯುವ ಹೊಂಬಾಳಮ್ಮ. ಮರುದೇವಿಯ ಓರಗೆಯವರು, ಚಿಕ್ಕಂದಿನ ಗೆಳತಿ. ಗಂಡ ಇಲ್ಲ, ಮಗಳನ್ನು ಹಿಂದಿನ ಬೀದಿಗೇ ಕೊಟ್ಟಿದ್ದಾರೆ. ಅವರು ಎಲ್ಲಿಗೆ ಬಂದರೂ ತಲೆಗೂದಲಿನಲ್ಲಿ ಒಂದೆರಡು ಎಳೆ ಹತ್ತಿ ಅಂಟಿರುತ್ತದೆ. ಎಡದವಡೆಯ ಮೇಲೆ ಅಡಿಕೆ ಗಾತ್ರದ ಗಂಟು ಎದ್ದು ಆಗಲೇ ಮೂರು ತಿಂಗಳಾಗಿತ್ತು. ಊರಿಗೆಲ್ಲ ಕಾಣುತ್ತಿತ್ತು, ಅವರಿಗೆ ಕೈಗೆ ಸಿಗುತ್ತಿತ್ತು ಅಷ್ಟೇ.

"ಅಂಗ್ಡಿ ಮುಚ್ತೀರಂತೆ ದತ್ತಣ್ಣ?"

"ಮುಚ್ಚಾಯ್ತು ಅಂತ್ಲೇ ತಿಳ್ಕೊಳಿ."

"ನಂದೊಂದು ತೆಗ್ದು ಮುಚ್ಚಿ."

ಆಗಲ್ಲ ಹೊಂಬಾಳಮ್ಮ, ಔಷಧಿ ಹಳೇದಾಗಿದೆ, ಕೈಯಲ್ಲೂ ಶಕ್ತಿ ಇಲ್ಲ, ಇಷ್ಟು ವರ್ಷ ಬೇಡದ್ದು ಈಗೇಕೆ ಅಂದೆ. ಅವರು ಬೆಂಚಿನ ಮೇಲೆ ಕೂತರು. ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಅಂತ ಹೇಳಿದರು. ದವಡೆಯ ಮೂಳೆ ತೆಗೆಯುತ್ತಾರಂತೆ, ಕೆನ್ನೆಯ ಮಾಂಸವೂ ಹೋಗುತ್ತದಂತೆ.

"ಆಮೇಲೆ ಈ ಮುಖ ಇರಲ್ವಂತೆ. ಹೆಂಗಿತ್ತು ಅಂತ ಒಂದ್ಸಲ ನೋಡ್ಬಿಡಾಣ ಅಂತ."

"ಹದಿನೆಂಟರದ್ದು ಇದ್ಯಲ್ಲ ನಿಮ್ಮತ್ರ."

ಹೊಂಬಾಳಮ್ಮ ರವಿಕೆಯೊಳಗಿಂದ ಒಂದು ಕವರು ತೆಗೆದು ಬೆಂಚಿನ ಮೇಲಿಟ್ಟರು. ನಮ್ಮಪ್ಪನ ಕಾಲದ ಖಾಕಿ ಕವರು, ಬೆವರಿಗೆ ಮೆತ್ತಗಾಗಿ ಬಟ್ಟೆಯ ಹಾಗಾಗಿತ್ತು. ನಾನು ಅಭ್ಯಾಸಬಲದಿಂದ ಮುಖ ತಿರುಗಿಸಿದೆ. "ನೋಡಿ," ಅಂದರು. ನೋಡಬಾರದು ಅಂದೆ. "ನೋಡಿ ದತ್ತಣ್ಣ. ಇದು ನಿಮ್ಮದೇ," ಅಂದರು.

ಚಿತ್ರ ಅಂಚಿನಿಂದ ಹಳದಿ ತಿರುಗಿತ್ತು. ಮಧ್ಯದಲ್ಲಿ ಬಿಳಿ ಶಲ್ಯ ಹೊದ್ದು ಮರುದೇವಿ ಕೂತಿದ್ದಳು. ಹದಿನೆಂಟು ವರ್ಷದವಳು. ನನ್ನನ್ನು ಮದುವೆಯಾಗಿ ಬರುವುದಕ್ಕೆ ಇನ್ನೂ ಮೂರು ವರ್ಷ ಇದ್ದಾಗಿನವಳು. ಯಾರೋ ಪಕ್ಕದಲ್ಲಿ ನಗಿಸಿರಬೇಕು, ತುಟಿ ಬಿಗಿಹಿಡಿದು ತಡೆದುಕೊಂಡಿದ್ದಾಳೆ. ಆ ತುಟಿ ನನಗೆ ಎಷ್ಟು ಪರಿಚಯ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನಾನು ಅಂದಾಗಲೆಲ್ಲ ಹಾಗೆಯೇ ಮಾಡುತ್ತಿದ್ದಳು. ಮೂರು ವರ್ಷದಿಂದ ಚೂರುಚೂರಾಗಿ ಕೈಗೆ ಸಿಗದೆ ಆಡಿಸುತ್ತಿದ್ದ ಮುಖ ಒಟ್ಟಿಗೇ ಎದುರಿಗೆ ಬಂದು ಕೂತಿತು. ನಾನೂ ಬೆಂಚಿನ ಮೇಲೆ ಕೂತೆ.

"ಇದು ನಿಮ್ಮತ್ರ ಹೆಂಗೆ?"

ಹೊಂಬಾಳಮ್ಮ ಹೇಳಿದರು. ಅವಸರ ಮಾಡದೆ, ನಡುನಡುವೆ ದವಡೆ ಒತ್ತಿಕೊಂಡು ಹೇಳಿದರು.

"ನಮ್ಮ ವರ್ಷ ನಾವು ಇಪ್ಪತ್ತನಾಲ್ಕು ಜನ. ನಂದು ಮೊದಲ್ನೇದು, ಮರೂದು ಎರಡ್ನೇದು. ನಿಮ್ಮಪ್ಪಾಜಿಗೆ ಜ್ವರ ಅಂತ ನೀವೇ ತೆಗ್ದಿದ್ರಿ, ನೀವೇ ತೊಳ್ದು ಕವರು ಹಂಚಿದ್ರಿ. ನಾನು ಹಿತ್ಲಲ್ಲಿ ಒಬ್ಳೇ ನಿಂತ್ಕೊಂಡು ಬಿಚ್ಚಿದೆ. ನೋಡಿದ್ರೆ ಒಳಗೆ ಮರು ಕೂತವ್ಳೆ. ದಿನಾ ನೋಡೋ ಮುಖ, ಗೊತ್ತಾಗಲ್ವಾ? ಅದಲುಬದಲಾಗೈತೆ ಅಂತ ನಗ್ತಾ ನಲ್ಲಿಕಟ್ಟೆಗೆ ಓಡಿದೆ. ಅಲ್ಲಿ ನೋಡಿದ್ರೆ ಎಲ್ರೂ ಕವರು ಹಿಡ್ಕೊಂಡು ಬಂದವ್ರೆ. ಎಲ್ರಿಗೂ ಪಕ್ಕದಲ್ಲಿ ಕೂತಿದ್ದೋಳ್ದು ಬಂದೈತೆ. ನಂಗೆ ಮರೂದು, ಮರುಗೆ ಮೂರನೇಯವಳ್ದು, ಮೂರನೇಯವಳಿಗೆ ನಾಕನೇಯವಳ್ದು. ಕಡೇಲಿ ಕೂತಿದ್ದ ಪುಟ್ಟಾಜಮ್ಮಂಗೆ ಮಾತ್ರ ಅವಳ್ದೇ ಬಂದಿತ್ತು. ಅವಳ್ದು ಎರಡೆರಡು ಇದ್ವು. ಸರಿ, ಅವರವರ್ದು ಅವರವರು ತಗೊಂಡ್ರು. ನಂದು ಯಾರತ್ರಾನೂ ಇರ್ಲಿಲ್ಲ."

ಅವರು ಹೇಳುತ್ತಿದ್ದಂತೆ ನನಗೆ ನಲವತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಕಣ್ಣೆದುರು ಬಂತು. ರೋಲಿನ ತುದಿಯನ್ನು ಕ್ಯಾಮೆರಾದ ಹಲ್ಲಿಗೆ ಸಿಕ್ಕಿಸಿ ಚಕ್ರ ತಿರುಗಿಸಿದಾಗ ಮೇಲೆ ಎಡಗಡೆ ಇರುವ ಸಣ್ಣ ತಿರುಪೂ ಜೊತೆಗೇ ತಿರುಗಬೇಕು. ತಿರುಗಿದರೆ ರೋಲು ಹಲ್ಲು ಕಚ್ಚಿದೆ ಅಂತ ಅರ್ಥ. ಅದನ್ನೊಂದು ನೋಡಿಕೋ ಅಂತ ಅಪ್ಪ ಮಲಗಿದಲ್ಲಿಂದಲೇ ಕೂಗಿ ಹೇಳಿದ್ದರು. ಇಪ್ಪತ್ತನಾಲ್ಕು ಹುಡುಗಿಯರು ಸಾಲಾಗಿ ಕೂತಿದ್ದಾರೆ, ಇಪ್ಪತ್ತೊಂದು ವರ್ಷದ ನಾನು ತಿರುಪನ್ನು ನೋಡುತ್ತೇನೆಯೇ? ಮೊದಲ ಸುತ್ತಿಗೆ ರೋಲು ಜಾರಿದೆ, ಎರಡನೆಯ ಸುತ್ತಿಗೆ ಕಚ್ಚಿದೆ. ಮೊದಲನೆಯವಳಿಗೆ ನಾನು ಒತ್ತಿದ ಗುಂಡಿ ಸದ್ದು ಮಾಡಿದ್ದಷ್ಟೇ. ಕೊನೆಯಲ್ಲಿ ಇಪ್ಪತ್ನಾಲ್ಕು ಮುಗಿದ ಮೇಲೂ ಚಕ್ರ ಇನ್ನೊಂದು ಸುತ್ತು ತಿರುಗಿತು. ಕಂಪನಿಯವರು ಧಾರಾಳಿಗಳು, ಒಂದು ಜಾಸ್ತಿ ಕೊಟ್ಟಿದ್ದಾರೆ ಅಂದುಕೊಂಡು ಪುಟ್ಟಾಜಮ್ಮನಿಗೇ ಇನ್ನೊಮ್ಮೆ ಒತ್ತಿದೆ. ತೊಳೆದಾಗ ಇಪ್ಪತ್ನಾಲ್ಕು ಚಿತ್ರ ಬಂದವು, ಚೀಟಿಯಲ್ಲಿ ಇಪ್ಪತ್ನಾಲ್ಕು ಹೆಸರಿದ್ದವು. ಸಾಲಾಗಿ ಕವರಿಗೆ ಹಾಕಿದೆ. ಬೋರಲು ಹಾಕಿ ಹಾಕಿದೆ, ಮರ್ಯಾದೆಯಿಂದ. ಒಂದೇ ಒಂದನ್ನು ತಿರುಗಿಸಿ ನೋಡಿದ್ದರೆ ಸಾಕಿತ್ತು.

"ಆಗ್ಲೇ ಬಂದು ಹೇಳ್ಬಾರ್ದಾಗಿತ್ತಾ?" ಅಂದೆ.

"ಹೇಳಿದ್ರೆ? ಹೊಂಬಾಳೆ ಮುಖ ಬಂದಿಲ್ಲ ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗೋದು. ರೋಲು ಜಾರ್ತು ಅಂತ ಯಾರು ಕೇಳೋರು? ನಂಗ್ ಆಗ ಗಂಡು ನಿಶ್ಚಯ ಆಗಿತ್ತು. ನಲ್ಲಿಕಟ್ಟೆ ಮೇಲೆ ಕೂತು ಅತ್ತಿದ್ದೇ ಅತ್ತಿದ್ದು. ಎಲ್ರೂ ಸುಮ್ನೆ ನಿಂತಿದ್ರು. ಆಗ ಮರು ತನ್ನ ಮುಖಾನ ನನ್ ಕೈಯಿಂದ ತಗೊಂಡ್ಲು. ಒಂದು ನಿಮಿಷ ನೋಡಿದ್ಲು. ಹಿಂದ್ಲು ಕಡೆ ತಿರುಗ್ಸಿದ್ಲು, ಮತ್ತೆ ನೋಡಿದ್ಲು. ಆಮೇಲೆ ಕವರಿಗೆ ಹಾಕಿ ನನ್ ಕೈಗೇ ಕೊಟ್ಟು, ಇಟ್ಕೋ, ನಂಗೆ ನೋಡಿ ಆಯ್ತು ಅಂದ್ಲು. ಎಲ್ರ ಹತ್ರಾನೂ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ್ಲು. ಆ ಹುಡುಗನೂ ಪಾಪ ಮೊದಲ್ನೇ ಸಲ ಒಬ್ನೇ ತೊಳ್ದವ್ನೆ, ಗೊತ್ತಾದ್ರೆ ಇನ್ನು ರೋಲು ಮುಟ್ಟಲ್ಲ ಅಂದ್ಲು."

ಆ ಹುಡುಗ ಅಂದರೆ ನಾನು. ಮೂರು ವರ್ಷದ ನಂತರ ತಾಂಬೂಲದ ತಟ್ಟೆಯಲ್ಲಿ ಕ್ಯಾಲೆಂಡರ್ ರಟ್ಟಿನ ಕವರಿಟ್ಟು ನನ್ನನ್ನೇ ಮದುವೆಯಾಗಿ ಬಂದಳು. ನಮ್ಮಪ್ಪನೇ ಆ ಕವರನ್ನು ಬೆರಳಲ್ಲಿ ಒತ್ತಿ ನೋಡಿ ತಲೆಯಾಡಿಸಿದ್ದರು. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದು, ಜಗಳ ಆಡಿದಾಗಲೂ ಈ ಮಾತು ಅವಳ ಬಾಯಿಂದ ಬರಲಿಲ್ಲ. ನಾನೇನು ಕಮ್ಮಿ ಜಗಳ ಆಡಿದ್ದೇನೆಯೇ?

"ಆಮೇಲಾದ್ರೂ ತೆಗೆಸ್ಕೋಬಹುದಿತ್ತಲ್ಲ ಅವಳು," ಅಂದೆ. "ಎಷ್ಟ್ ಸಲ ಕೇಳ್ದೆ ನಾನು."

ಹೊಂಬಾಳಮ್ಮ ನೆಲ ನೋಡಿದರು. "ಅದನ್ನೇ ಹೇಳಕ್ಕೆ ಬಂದೆ. ನನ್ ಮದುವೆ ಆದ್ಮೇಲೆ ನಾನೂ ಕೇಳಿದ್ದೆ, ನೀನು ಇನ್ನೊಂದು ತೆಗೆಸ್ಕೋ ಮರು ಅಂತ. ನೀನು ತೆಗೆಸ್ಕೊಳ್ಳೋ ದಿನ ನಾನೂ ತೆಗೆಸ್ಕೋತೀನಿ, ಇಬ್ರೂ ಒಟ್ಟಿಗೇ ಕೂರಾಣ ಅಂದ್ಲು. ನಂಗೆ ಧೈರ್ಯ ಬರ್ಲಿಲ್ಲ. ಇನ್ನೊಂದ್ ಸಲಾನೂ ಬರ್ದೇ ಹೋದ್ರೆ ಅಂತ. ಬರೋ ವರ್ಷ ಬರೋ ವರ್ಷ ಅಂತಾನೇ ಕಳ್ದೆ. ಅವ್ಳು ಕಾದ್ಲು."

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಕಾಯಿಲೆಯ ಹೆಂಗಸು ಎದುರಿಗೆ ಕೂತಿದ್ದಾರೆ ಅನ್ನುವುದೂ ಮರೆತು ಹೋಗುವಷ್ಟು ಸಿಟ್ಟು ಬಂತು. "ನೀವು ಹೆದರಿದ್ದಕ್ಕೆ ಅವಳು ಬರಿಗೈಲಿ ಹೋದ್ಲು ಹೊಂಬಾಳಮ್ಮ," ಅಂದೆ. "ಆವತ್ತು ನೀವೂ ಬಂದಿದ್ರಿ. ನಾನು ಮನೆಯೆಲ್ಲ ಹುಡುಕ್ತಾ ಇದ್ದಾಗ ಅಲ್ಲೇ ಕಂಬದ ಹತ್ರ ಕೂತಿದ್ರಿ."

"ಹೂಂ. ಎದೆಯೊಳಗೇ ಇಟ್ಕೊಂಡು ಬಂದಿದ್ದೆ. ನನ್ ಮಗಳ ಮದುವೆಗೆ ಇನ್ನು ಮೂರು ವಾರ ಇತ್ತು. ಅಷ್ಟು ಜನದ ಮುಂದೆ ತೆಗ್ಯಕ್ಕೆ ಕೈ ಏಳ್ಲಿಲ್ಲ." ಅವರು ಅಳಲಿಲ್ಲ, ತಪ್ಪಾಯಿತು ಅಂತಲೂ ಅನ್ನಲಿಲ್ಲ. "ಅದಕ್ಕೆ ದೇವರು ಈ ಗಂಟು ಕೊಟ್ಟ ಅಂತ ನಾನು ಹೇಳಲ್ಲ. ಗಂಟು ಎಲ್ರಿಗೂ ಬರ್ತದೆ. ಆದ್ರೆ ಇದನ್ನ ಇಟ್ಕೊಂಡು ಆಸ್ಪತ್ರೆಗೆ ಹೋಗಕ್ಕೆ ನಂಗೆ ಮನಸ್ಸಿಲ್ಲ. ನಂದು ಬರ್ಲಿ ಬರ್ದೇ ಇರ್ಲಿ, ಇದು ನಿಮ್ಮದು."

ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಲ್ಲಿಸಿಕೊಳ್ಳುವುದಕ್ಕೂ ತ್ರಾಣ ಬೇಕು. ಅಲ್ಲದೆ ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗುತ್ತ ಹೋದರೆ ನಾನು ನೋಡದೆ ಬಿಟ್ಟ ಆ ಸಣ್ಣ ತಿರುಪಿಗೇ ಹೋಗಿ ನಿಲ್ಲುತ್ತಿತ್ತು. ಈಯಮ್ಮ ನಲವತ್ತು ವರ್ಷ ತನಗೆ ಮುಖವೇ ಇಲ್ಲವೆಂದು ಹೆದರಿಕೊಂಡು ಬದುಕಿದ್ದಾರೆ. ಇದ್ದದ್ದು ನನ್ನ ಹೆಬ್ಬೆರಳಿನ ತಪ್ಪು. ಮರುದೇವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಒಬ್ಬರ ಚಿತ್ರ ಇನ್ನೊಬ್ಬರ ಹತ್ತಿರ ಇರಬಾರದು, ಗೊತ್ತಿದೆ. ಇರಲಿ.

ಇದ್ದುದರಲ್ಲಿ ಹೊಸದೆನ್ನಬಹುದಾದ ರೋಲನ್ನು ಹುಡುಕಿ ತೆಗೆದೆ. ಅದರ ಅವಧಿ ಮುಗಿದು ಆರು ವರ್ಷವಾಗಿತ್ತು. ಹೊಂಬಾಳಮ್ಮನನ್ನು ಹತ್ತಿರ ಕರೆದು, ಅವರ ಕಣ್ಣೆದುರಿಗೇ ರೋಲಿನ ತುದಿಯನ್ನು ಹಲ್ಲಿಗೆ ಸಿಕ್ಕಿಸಿ, ಹಿಂಬದಿ ಮುಚ್ಚಿ ಚಕ್ರ ತಿರುಗಿಸಿದೆ. ತಿರುಪಿನ ಮೇಲೆ ಅವರ ಬೆರಳನ್ನೇ ಇಡಿಸಿದೆ. "ತಿರುಗ್ತಾ ಇದ್ಯಾ?" ಅಂತ ಕೇಳಿದೆ. "ತಿರುಗ್ತೈತೆ," ಅಂದರು. ಇನ್ನೊಂದು ಸುತ್ತು ತಿರುಗಿಸಿ ಮತ್ತೆ ಕೇಳಿದೆ. "ತಿರುಗ್ತೈತೆ ದತ್ತಣ್ಣ, ಸಾಕು ಬಿಡಿ," ಅಂದರು.

ಬೀದಿಯ ಕಡೆ ಜಗಲಿಯ ಮೇಲೆ ಕೂರಿಸಿ ಶಲ್ಯ ಹೊದಿಸಿದೆ. ಸೆಟೆದು ಕೂತರು. ಮುಖ ಹೇಗಿಟ್ಟುಕೊಳ್ಳಬೇಕು ಅಂತ ಕೇಳಿದರು. ಹೇಗೋ ಇಟ್ಟುಕೊಳ್ಳಿ ಅಂದೆ. ಹೇಗೋ ಅಂದರೆ ಹೇಗೆ ಅಂತ ಇನ್ನಷ್ಟು ಗಾಬರಿಯಾದರು. ಒಂದೇ ಮುಖಕ್ಕೆ ಇಡೀ ರೋಲು ಖರ್ಚು ಮಾಡುವುದು ನಮ್ಮಲ್ಲಿ ಕಂಡುಕೇಳಿಲ್ಲ. ಹೋಗಿಬರುವವರು ನಿಂತು ನೋಡಿದರು. ನಾನು ಒಂದೊಂದಕ್ಕೂ ತಿರುಪು ನೋಡಿಕೊಂಡು ಒತ್ತುತ್ತ ಹೋದೆ. ಹದಿನೇಳೋ ಹದಿನೆಂಟೋ ಆದಾಗ ಅವರ ಮಗಳ ಮನೆಯ ಕಡೆಯಿಂದ ಒಂದು ಹಸು ಬಂದು ಅವರು ಕೆಳಗಿಟ್ಟಿದ್ದ ಹತ್ತಿಯ ಚೀಲಕ್ಕೆ ಬಾಯಿ ಹಾಕಿತು. "ಏಯ್, ನಿನ್ ಮನೆ ಹಾಳಾಗ, ಅದೇನು ಹಿಂಡಿನಾ," ಅಂತ ಹೊಂಬಾಳಮ್ಮ ಆ ಕಡೆ ತಿರುಗಿ, ಗದರಿ, ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಒತ್ತಿಬಿಟ್ಟೆ. ಆಮೇಲೆ ಉಳಿದವನ್ನೂ ಮುಗಿಸಿದೆ.

ನಾಳೆ ಬನ್ನಿ ಅನ್ನಲಿಲ್ಲ. ಅವರನ್ನು ಕತ್ತಲೆಕೋಣೆಯೊಳಗೇ ಕರೆದುಕೊಂಡು ಹೋದೆ. ಕಟ್ಟಿದಂದಿನಿಂದ ಆ ಕೋಣೆಗೆ ನಮ್ಮ ಮನೆಯವರಲ್ಲದೆ ಇನ್ನೊಬ್ಬರು ಬಂದದ್ದಿಲ್ಲ. ಸ್ಟೂಲಿನ ಮೇಲೆ ಕೂತು, ಇಷ್ಟು ವರ್ಷ ಈ ವಾಸನೆಯಲ್ಲಿ ಹೇಗಿದ್ದಿರಿ ಅಂತ ಕೇಳಿದರು. ಅಭ್ಯಾಸ ಅಂದೆ. ಔಷಧಿ ಚಹಾ ಬಣ್ಣಕ್ಕೆ ತಿರುಗಿತ್ತು. ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ, ಎಂಟು ನಿಮಿಷ ಬಿಡುವುದನ್ನು ಹನ್ನೆರಡು ನಿಮಿಷ ಬಿಟ್ಟೆ. ತೊಳೆದ ರೋಲನ್ನು ದೀಪಕ್ಕೆ ಹಿಡಿದೆ. ಮೊದಲ ತುಂಡಿನಲ್ಲಿ ಬರೀ ಬೂದಿ. ಎರಡನೆಯದರಲ್ಲೂ ಬೂದಿ. ಹಳೆಯ ರೋಲು ಒಳಗೊಳಗೇ ಮಬ್ಬು ಹಿಡಿದಿತ್ತು. ಹೊಂಬಾಳಮ್ಮ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡರು.

"ಬಂದಿಲ್ಲ ಅಲ್ವಾ?" ಅಂದರು. ಆ ಮಾತನ್ನು ನಲವತ್ತು ವರ್ಷದಿಂದ ಬಾಯಿಪಾಠ ಮಾಡಿದವರ ಹಾಗೆ ಅಂದರು.

"ಸುಮ್ನಿರಿ ಸ್ವಲ್ಪ," ಅಂದೆ.

ರೋಲಿನ ಹೊರಸುತ್ತು ಹೆಚ್ಚು ಕೆಟ್ಟಿತ್ತು. ಒಳಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಕೊನೆಯ ಭಾಗ ಅಷ್ಟು ಕೆಟ್ಟಿರಲಿಲ್ಲ. ಅಲ್ಲಿ ನಾಲ್ಕೈದರಲ್ಲಿ ಏನೋ ಮಸುಕಾಗಿತ್ತು. ಒಂದರಲ್ಲಿ ಮಾತ್ರ ಗೆರೆಗಳು ನಿಂತಿದ್ದವು. ಶಲ್ಯ ಒಂದು ಹೆಗಲಿನಿಂದ ಜಾರಿದ್ದರಿಂದ ಅದು ಹಸುವನ್ನು ಗದರಿದಾಗಿನದು ಅಂತ ಗೊತ್ತಾಯಿತು. ನೆಗೆಟಿವ್‌ನಲ್ಲಿ ಕರಿದು ಬಿಳಿದಾಗಿ ಬಿಳಿದು ಕರಿದಾಗಿ ಇರುವುದರಿಂದ ಯಾರ ಮುಖವೂ ಮುಖದ ಹಾಗೆ ಕಾಣುವುದಿಲ್ಲ, ಬಂದಿದೆಯೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅದೊಂದನ್ನೇ ಕಾಗದಕ್ಕೆ ಇಳಿಸಿದೆ. ಎಷ್ಟು ಹೊತ್ತು ಬೆಳಕು ಕೊಡಬೇಕೆಂದು ಲೆಕ್ಕಹಾಕಲಾಗದೆ ಬಾಯಲ್ಲಿ ಎಣಿಸುತ್ತ ತಪ್ಪಿದೆ. ಮೊದಲ ಕಾಗದ ಕಪ್ಪಾಯಿತು. ಎರಡನೆಯದು ಬಿಳಿಚಿಕೊಂಡಿತು. ಡಬ್ಬದಲ್ಲಿ ಇನ್ನು ಉಳಿದದ್ದು ಮೂರು ಕಾಗದ. ಇಷ್ಟು ಎಚ್ಚರದಿಂದ ನಾನು ಕೆಲಸ ಮಾಡಿದ್ದು ಯಾವಾಗ ಅಂತ ನೆನಪಿಲ್ಲ.

ಮೂರನೆಯದನ್ನು ಬೆಳಕಿನಿಂದ ತೆಗೆದು ಔಷಧಿಯ ತಟ್ಟೆಗೆ ಬೋರಲು ಹಾಕಿದೆ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕೆಂಪು ದೀಪದ ಬೆಳಕಿನಲ್ಲಿ ತುದಿ ಎತ್ತಿ ನೋಡಿದರೆ ಶಲ್ಯದ ಬಿಳುಪು ಸರಿಯಾಗಿತ್ತು. ಕಾಗದವನ್ನು ಬೋರಲಾಗಿಯೇ ನೀರಿನ ತಟ್ಟೆಗೆ ದಾಟಿಸಿ, ಇಕ್ಕಳವನ್ನು ಹೊಂಬಾಳಮ್ಮನ ಕೈಗೆ ಕೊಟ್ಟೆ.

"ನೀವೇ ತಿರುಗಿಸ್ಕೊಳಿ."

ನಾನು ಗೋಡೆಯ ಕಡೆ ತಿರುಗಿ ನಿಂತೆ. ತಟ್ಟೆಯಲ್ಲಿ ನೀರು ಸದ್ದಾಯಿತು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು. ಬಾರದೆ ಹೋಗಿದ್ದರೆ ಇನ್ನೆರಡು ಕಾಗದ ಇವೆ, ಅದೂ ಆಗದಿದ್ದರೆ ನಾಳೆ ಇನ್ನೊಂದು ರೋಲು ಹಾಕಿದರಾಯಿತು, ಭಾನುವಾರದವರೆಗೆ ಸಮಯ ಇದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

"ಐತೆ," ಅಂದರು ಹೊಂಬಾಳಮ್ಮ.

ನನ್ನ ಬೆನ್ನಿನಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. "ಹೇಗಿದೆ?" ಅಂದೆ.

"ಇವ್ಳು ಯಾರೋ ನಂಗೆ ಗೊತ್ತಿಲ್ಲ ದತ್ತಣ್ಣ. ಎಲ್ಲೂ ನೋಡಿಲ್ಲ. ಆದ್ರೆ ಕೆಟ್ಟೋಳಲ್ಲ ಅನ್ಸುತ್ತೆ. ಬಾಯಿ ಜೋರೈತೆ, ಬೈತಾ ಇರೋ ಹಂಗವ್ಳೆ. ಬೈದ್ರೂ, ಮನೆ ಬಾಗ್ಲಿಗೆ ಹೋದ್ರೆ ಒಳಗೆ ಕರ್ದು ಒಂದ್ ತುತ್ತು ಊಟ ಹಾಕ್ತಾಳೆ ಅನ್ಸುತ್ತೆ."

"ಹಾಕ್ತಾರೆ. ನಾನು ಉಂಡಿದೀನಿ," ಅಂದೆ.

"ಕಣ್ಣು ಸುಸ್ತಾಗವೆ. ಕೆಲ್ಸ ಜಾಸ್ತಿ ಇರ್ಬೇಕು ಪಾಪ." ಸ್ಟೂಲು ಎಳೆದುಕೊಂಡು ಇನ್ನೂ ಹತ್ತಿರ ಕೂತ ಸದ್ದಾಯಿತು. ಮೂರು ತಿಂಗಳು ಊರೆಲ್ಲ ಅಯ್ಯೋ ಅಂದಾಗಲೂ, ಡಾಕ್ಟರು ಮೂಳೆ ತೆಗೆಯಬೇಕು ಅಂದಾಗಲೂ ಕಣ್ಣಲ್ಲಿ ನೀರು ತಂದುಕೊಳ್ಳದಿದ್ದ ಹೆಂಗಸು ಆಗ ಬಿಕ್ಕಿದರು.

"ದತ್ತಣ್ಣ, ಸೋಮವಾರ ಇವ್ಳನ್ನ ಕುಯ್ತಾರಲ್ಲ," ಅಂದರು.